ಮೂಕಿ ಭಾರ

ಅಳಿಯ: ಮಾವ, ಒಂದ್ನಿಮಿಷ ಹೊರಗೆ ಬನ್ನಿ. ಕ್ಯಾಂಪರ್ ತಂದಿದ್ದೀನಿ.

ಮಾವ: ಅದೇನು ಕಾಣದ ವಸ್ತುವೇನೋ? ಮೇಲಿನ ತೋಟದವರ ಹತ್ರ ಎರಡಿದೆ. ಮುಂದೆ ಐದು ಜನ ಆಳು, ಹಿಂದೆ ಗೊಬ್ಬರದ ಮೂಟೆ.

ಅಳಿಯ: ಅದು ಬೊಲೆರೊ ಕ್ಯಾಂಪರ್ ಮಾವ, ಪಿಕಪ್ಪಿಗೆ ಇಟ್ಟ ಹೆಸರು. ಇದು ಪಿಕಪ್ಪಿನ ಹಿಂದೆ ಕಟ್ಟಿ ಎಳೆಯೋದು. ಒಳಗೆ ಇಬ್ಬರು ಮಲಗಬಹುದು, ಹಿಂದಿನ ಬಾಗಿಲು ಎತ್ತಿದ್ರೆ ಅಡುಗೆಮನೆ. ಕಾಡಿನ ಅಂಚಲ್ಲಿ ಎಲ್ಲಿ ಬೇಕಾದ್ರೂ ನಿಲ್ಸಿ ರಾತ್ರಿ ಕಳೀಬಹುದು.

ಮಾವ: ಓಹೋ, ಟ್ರೇಲರ್ ಅನ್ನು. ನಮ್ಮಪ್ಪನ ಕಮಾನು ಗಾಡಿಗೆ ಬಿದಿರು ಚಾಪೆ ಬಿಚ್ಚಿ ತಗಡು ಹೊದಿಸಿದ ಹಾಗಿದೆ. ಬೆಂಗಳೂರಿಂದ ಹೀಗೇ ಎಳ್ಕೊಂಡು ಬಂದ್ಯಾ?

ಅಳಿಯ: ಹೂಂ. ಕುಣಿಗಲ್ಲು, ಚನ್ನರಾಯಪಟ್ಟಣ ದಾಟೋವರೆಗೂ ಬೆಣ್ಣೇಲಿ ಕೂದಲು ತೆಗೆದ ಹಾಗೆ ಬಂತು. ಹಾಸನ ಕಳೆದ ಮೇಲೆ ಒಂದು ಇಳಿಜಾರು. ಮುಳ್ಳು ಎಂಬತ್ತರ ಮೇಲಿತ್ತು. ಪಕ್ಕದಲ್ಲಿ ಒಂದು ಲಾರಿ ರೊಯ್ಯನೆ ದಾಟಿ ಹೋಯ್ತು ನೋಡಿ, ಹಿಂದಿನದು ಬಾಲ ಅಲ್ಲಾಡಿಸೋಕೆ ಶುರು ಮಾಡ್ತು. ಎಡಕ್ಕೊಂದ್ಸಲ, ಬಲಕ್ಕೊಂದ್ಸಲ, ಒಂದೊಂದು ಸಲಕ್ಕೂ ಮೊದಲಿಗಿಂತ ಜಾಸ್ತಿ. ಪಿಕಪ್ಪಿನ ಅಂಡನ್ನೇ ಹಿಡಿದು ಜಗ್ಗಾಡಿದ ಹಾಗಾಯ್ತು.

ಮಾವ: ಬ್ರೇಕ್ ಹೊಡೆದ್ಯಾ?

ಅಳಿಯ: ಹೊಡೀಬಾರ್ದು ಅಂತ ಓದಿದ್ದೆ. ಕಾಲು ಮೇಲಕ್ಕೆತ್ತಿದೆ, ಸ್ಟೀರಿಂಗ್ ನೆಟ್ಟಗೆ ಹಿಡ್ಕೊಂಡು ಕೂತೆ. ಅರವತ್ತಕ್ಕೆ ಇಳಿದ ಮೇಲೆ ತಾನಾಗೇ ಸುಮ್ಮನಾಯ್ತು. ಅಲ್ಲಿಂದ ಪಾಳ್ಯದವರೆಗೂ ನಲವತ್ತರಲ್ಲೇ ಬಂದೆ. ಹಿಂದಿನೋರೆಲ್ಲ ಹಾರ್ನ್ ಹೊಡೆದೂ ಹೊಡೆದೂ ಬೈದ್ಕೊಂಡು ಹೋದ್ರು.

ಮಾವ: ಬೈಸ್ಕೊಂಡಿದ್ದೇ ಒಳ್ಳೇದಾಯ್ತು. ಪಿಕಪ್ ಬಿಡಿಸು, ಮೂಕಿ ಎತ್ತಿ ನೋಡ್ತೀನಿ. ... ಅಯ್ಯೋ ಮಾರಾಯ! ಎಡಗೈಲಿ ಎತ್ತಿದೆ ಕಣೋ. ಎಪ್ಪತ್ತು ದಾಟಿದ ನಾನು ಎಡಗೈಲಿ ಎತ್ತೋ ಮೂಕಿ ಇಟ್ಕೊಂಡು ನೀನು ಹೈವೇಲಿ ಎಂಬತ್ತರಲ್ಲಿ ಬಂದ್ಯಾ? ಹಿಂಭಾರ. ಪೂರ್ತಿ ಹಿಂಭಾರ.

ಅಳಿಯ: ಹಿಂಭಾರ ಅಂದ್ರೆ?

ಮಾವ: ಗಾಡಿ ಕಟ್ಟೋನಿಗೆ ಮೊದಲ ಪಾಠವೇ ಅದು. ಭತ್ತದ ಮೂಟೆ ಹೇರುವಾಗ ಅಪ್ಪ ನನ್ನನ್ನ ನೊಗದ ಹತ್ರ ನಿಲ್ಲಿಸೋರು. ಎತ್ತು ಇನ್ನೂ ಕಟ್ಟಿರ್ತಿರಲಿಲ್ಲ. ಒಂದೊಂದು ಮೂಟೆ ಬಿದ್ದ ಹಾಗೂ ನಾನು ನೊಗ ಎತ್ತಿ ನೋಡಿ 'ಹಗುರ', 'ಭಾರ' ಅಂತ ಕೂಗಬೇಕು. ಮುಂದೆ ಜಾಸ್ತಿ ಆದ್ರೆ ಮೂಕಿ ಭಾರ. ಎತ್ತಿನ ಹೆಗಲು ಕುಸೀತದೆ, ಸಂಜೆಗೆ ಬಾವು. ಹಿಂದೆ ಜಾಸ್ತಿ ಆದ್ರೆ ಮೂಕಿ ಮೇಲಕ್ಕೆದ್ದು ಜತ್ತಿಗೆ ಎತ್ತಿನ ಕತ್ತಿಗೆ ಬಿಗೀತದೆ, ಏರಿನಲ್ಲಿ ಉಸಿರೇ ಕಟ್ತದೆ. ಮೂಕಿ ಭಾರ ಎತ್ತನ್ನ ದಣಿಸ್ತದೆ, ಹಿಂಭಾರ ಎತ್ತನ್ನ ಕೊಲ್ತದೆ ಅನ್ನೋರು ಅಪ್ಪ. ಹೆಗಲಿಗೆ ಚೂರು ಭಾರ ಇರಲೇಬೇಕು, ಎತ್ತಿಗೆ ಹಿಂದೆ ಏನೋ ಇದೆ ಅಂತ ಗೊತ್ತಾಗೋ ಅಷ್ಟು. ಏರು ಬಂದಾಗ ಭಾರ ತಾನಾಗೇ ಹಿಂದಕ್ಕೆ ಸರೀತದಲ್ಲ, ಆಗ ಗಾಡಿ ಹೊಡೆಯೋನು ಮುಂದಕ್ಕೆ ಬಂದು ಮೂಕಿ ಮೇಲೆ ಕೂರೋನು. ಇಳಿಜಾರಲ್ಲಿ ಹಿಂದಕ್ಕೆ ಸರಿಯೋನು. ಅವನ ಮೈಯೇ ತಕ್ಕಡಿ ಬೊಟ್ಟು.

ಅಳಿಯ: ಇಂಗ್ಲಿಷ್ ಪುಸ್ತಕದಲ್ಲೂ ಇದೇ ಇದೆ ಮಾವ. ಟ್ರೇಲರಿನ ಒಟ್ಟು ತೂಕದಲ್ಲಿ ಹತ್ತರಲ್ಲೊಂದು ಪಾಲು, ಹೆಚ್ಚೆಂದರೆ ನೂರಕ್ಕೆ ಹದಿನೈದು, ಎಳೆಯೋ ಗಾಡಿಯ ಕೊಂಡಿ ಮೇಲೆ ಬೀಳಬೇಕು ಅಂತಾರೆ ಅಮೆರಿಕದವರು. ಯುರೋಪಿನವರು ಇನ್ನೂ ಕಮ್ಮಿ ಇಟ್ಕೊಳ್ತಾರೆ. ಟ್ರೇಲರ್ ಕಟ್ಟಿದಾಗ ಅಲ್ಲಿ ಓಡಿಸೋ ವೇಗಾನೂ ಕಮ್ಮಿ. ಭಾರದ ನಡು ಅಚ್ಚಿನ ಹಿಂದಕ್ಕೆ ಹೋದ್ರೆ ಗಾಳಿ ತಾಗಿದ್ರೂ ಸಾಕು, ತೂಗಾಟ ಶುರು. ಓದಿ ಗೊತ್ತಿತ್ತು, ಎತ್ತಿ ನೋಡಿರಲಿಲ್ಲ.

ಮಾವ: ಎತ್ತಿನ ಗಾಡಿ ಗಂಟೆಗೆ ಮೂರು ಮೈಲಿ ಹೋಗೋದು. ಹಿಂಭಾರ ಆದ್ರೆ ಎತ್ತು ನಿಲ್ತದೆ, ಗಾಡಿ ಹೊಡೆಯೋನಿಗೆ ಅರ್ಥ ಆಗ್ತದೆ. ನಿನ್ನ ಪಿಕಪ್ಪಿಗೆ ಕತ್ತಿಲ್ಲ, ಉಸಿರಿಲ್ಲ. ಐವತ್ತು ಮೈಲಿ ವೇಗ ಬರೋವರೆಗೂ ಸುಮ್ಮನಿದ್ದು ಒಂದೇ ಸಲಕ್ಕೆ ಹೇಳ್ತದೆ. ಹಿಂದೆ ಏನು ತುಂಬಿದ್ದೀಯ?

ಅಳಿಯ: ಅಡುಗೆ ಸಾಮಾನು, ಗ್ಯಾಸ್, ಆಮೇಲೆ ನೂರು ಲೀಟರ್ ನೀರಿನ ಟ್ಯಾಂಕು. ಒಲೆ ಹಿಂದಿದೆಯಲ್ಲ, ನಲ್ಲಿ ಹತ್ರ ಇರ್ಲಿ ಅಂತ ಮಾಡಿದವನು ಟ್ಯಾಂಕನ್ನೂ ಹಿಂದೇ ಕೂರಿಸಿದ್ದಾನೆ.

ಮಾವ: ಅವನು ಅಡುಗೆಯವನ ಕಷ್ಟ ನೋಡಿದ್ದಾನೆ, ಎತ್ತಿನ ಕಷ್ಟ ನೋಡಿಲ್ಲ. ಮೇಲಿನ ತೋಟದ ರೈಟ್ರಿಗೆ ಹೇಳಿ ಕಳಿಸ್ತೀನಿ, ಕಾಫಿ ಮೂಟೆ ತೂಗೋ ಮಿಷಿನ್ ತರಲಿ. ಮೂಕಿ ತುದಿ ಅದರ ಮೇಲಿಟ್ಟು ತೂಗೋಣ. ಅಲ್ಲಿವರೆಗೂ ಕೂತ್ಕೋ. ... ತಡಿ, ಚಕ್ರದ ಗುಂಬ ಮುಟ್ಟಿ ನೋಡಿದ್ಯಾ?

ಅಳಿಯ: ಇಲ್ಲ.

ಮಾವ: ಮುಟ್ಟು. ಎಡದ್ದು ಬೆಚ್ಚಗಿದೆ, ಬಲದ್ದು ಸುಡ್ತಾ ಇದೆ. ಬೇರಿಂಗಿಗೆ ಗ್ರೀಸು ಸಾಲದು, ಇಲ್ಲಾ ನಟ್ಟು ಜಾಸ್ತಿ ಬಿಗಿದಿದ್ದಾನೆ. ಗಾಡಿಗೆ ಕೀಲೆಣ್ಣೆ ಗೊಟ್ಟ ನೇತು ಹಾಕ್ಕೊಂಡೇ ಹೋಗ್ತಿದ್ರು ಕಣೋ. ದಾರೀಲಿ ಕಿರ್ರೋ ಅಂದ್ರೆ ನಿಲ್ಸಿ ಎಣ್ಣೆ. ಗಾಡಿ ಬಾಯಿ ಬಿಟ್ಟು ಕೇಳ್ತಿತ್ತು. ಇದಕ್ಕೆ ಬಾಯಿಲ್ಲ, ಅದಕ್ಕೇ ಒಂದೊಂದು ನಿಲ್ದಾಣದಲ್ಲೂ ಇಳಿದು ಕೈಯಿಡಬೇಕು. ಸರಿ, ಈಗ ಹೇಳು. ಇಷ್ಟೆಲ್ಲಾ ಯಾಕೆ? ಹೆಜ್ಜೆಗೊಂದು ಹೋಮ್‌ಸ್ಟೇ ಇರೋ ಸಕಲೇಶಪುರಕ್ಕೆ ಮನೇನ ಎಳ್ಕೊಂಡು ಬರೋ ದರ್ದು ಏನು?

ಅಳಿಯ: ಹೋಮ್‌ಸ್ಟೇಗೆ ಹೋದ್ರೆ ಅವರು ಹೇಳಿದ ಹೊತ್ತಿಗೆ ಉಣ್ಣಬೇಕು, ಅವರು ತೋರಿಸಿದ ಗುಡ್ಡ ನೋಡಬೇಕು. ರಾತ್ರಿ ಪಕ್ಕದ ಕೋಣೆಯವರ ಗಲಾಟೆ. ನನಗೆ ಬೇಕಾಗಿರೋದು ನಮ್ಮದೇ ಒಲೆ, ನಮ್ಮದೇ ಹೊತ್ತು. ಅಮ್ಮ ಹೇಳ್ತಿರ್ತಾಳೆ, ಗಾಡಿ ಕಟ್ಕೊಂಡು ರಾಮನಾಥಪುರದ ಜಾತ್ರೆಗೆ ಹೋಗ್ತಿದ್ದ ಕಥೆ. ಅದನ್ನ ಕೇಳಿ ಕೇಳಿಯೇ ಇದು ತಲೆಗೆ ಹತ್ತಿದ್ದು.

ಮಾವ: ಹಾಗಂತೀಯಾ. ಷಷ್ಠಿ ಹೊತ್ತಿಗೆ, ಚಳಿ. ಎರಡು ದಿನದ ದಾರಿ. ಕಮಾನಿನೊಳಗೆ ಹುಲ್ಲು ಹಾಸಿ ಮೇಲೊಂದು ಜಮಖಾನ, ಹೆಂಗಸರು ಮಕ್ಕಳು ಒಳಗೆ, ಗಂಡಸರು ಗಾಡಿ ಕೆಳಗೆ. ಎತ್ತನ್ನ ಗಾಲಿಗೆ ಕಟ್ಟಿದ್ರೆ ರಾತ್ರಿಯೆಲ್ಲಾ ಮೆಲುಕು ಹಾಕೋ ಸದ್ದು, ಗಂಟೆ ಸದ್ದು. ಮೂರು ಕಲ್ಲಿಟ್ಟು ಅನ್ನ, ಹುರುಳಿಕಾಳು ಸಾರು. ನದೀಲಿ ಮೀನು ಹಿಡಿಯೋ ಹಾಗಿಲ್ಲ, ದೇವರ ಮೀನು. ಅಲ್ಲಿ ದನದ ಜಾತ್ರೆ ದೊಡ್ಡದು. ಅಪ್ಪ ಒಂದ್ಸಲ ಹೋಗುವಾಗ ಒಂದು ಜೋಡಿ ಕಟ್ಕೊಂಡು ಹೋಗಿ, ಬರುವಾಗ ಬೇರೆ ಹಳ್ಳಿಕಾರ್ ಜೋಡಿ ಕಟ್ಕೊಂಡು ಬಂದ್ರು. ಪಿಕಪ್ ಮಾರಿ ಅದೇ ಟ್ರೇಲರಿಗೆ ಇನ್ನೊಂದು ಪಿಕಪ್ ಕಟ್ಕೊಂಡು ಮನೆಗೆ ಬಂದ ಹಾಗೆ. ಆಗ ನಿಮ್ಮತ್ತೆಯೂ ಅವಳ ತವರಿನ ಗಾಡೀಲಿ ಅದೇ ಜಾತ್ರೆಗೆ ಬಂದಿದ್ಳು, ಏಳೆಂಟು ವರ್ಷದ ಹುಡುಗಿ. ಗಾಡಿಯಿಂದ ಇಳಿಯೋಲ್ಲ ಅಂತ ಹಠ. ಅದು ಬೇರೆ ಕಥೆ ಬಿಡು.

ಅಳಿಯ: ಒಂದು ತಮಾಷೆ ಕೇಳಿ. ಮೋಜಿಗೆ ಅಂತಲೇ ಮಾಡಿಸಿದ ಮೊದಲ ಕ್ಯಾರವಾನ್ ಅಂತ ಇಂಗ್ಲೆಂಡಿನವರು ಹೇಳ್ಕೊಳ್ಳೋದು 1885ರದ್ದು. ಹೆಸರು 'ವಾಂಡರರ್', ಅಲೆಮಾರಿ. ಗಾರ್ಡನ್ ಸ್ಟೇಬಲ್ಸ್ ಅಂತ ನೌಕಾಪಡೆಯ ಡಾಕ್ಟರ್ ಆಗಿದ್ದವನು ಮಾಡಿಸಿದ್ದು. ಎರಡು ಕುದುರೆ ಕಟ್ಟಿ ಸ್ಕಾಟ್ಲೆಂಡಿನವರೆಗೂ ಹೋದ. ದಾರಿ ಬಿಡಿಸೋಕೆ ಮುಂದೆ ಒಬ್ಬ ಆಳು ಮೂರು ಚಕ್ರದ ಸೈಕಲ್ಲಲ್ಲಿ ಹೋಗ್ತಿದ್ದನಂತೆ.

ಮಾವ: 1885ರಲ್ಲಿ ನಮ್ಮ ಮುತ್ತಜ್ಜನೂ ಜಾತ್ರೆಗೆ ಹೋಗ್ತಿದ್ದ. ಅವನು ಬರೆದಿಡಲಿಲ್ಲ, ಅಷ್ಟೇ ವ್ಯತ್ಯಾಸ. ಆಳಿನ ಸೈಕಲ್ ಕೂಡ ಇರಲಿಲ್ಲ ಅನ್ನು. ಸರಿ, ಇಲ್ಲಿಂದ ಎಲ್ಲಿಗೆ?

ಅಳಿಯ: ಬಿಸಿಲೆ. ಹೆತ್ತೂರು, ವಣಗೂರು ದಾಟಿ. ಮಂಕನಹಳ್ಳಿ ಹತ್ರ ಒಂದು ದಿಣ್ಣೆ ಇದೆಯಲ್ಲ, ಅದರ ಈಚೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ, ಆಚೆ ಬಿದ್ದಿದ್ದು ಕುಮಾರಧಾರಾ, ನೇತ್ರಾವತಿ ಹಿಡಿದು ಅರಬ್ಬಿ ಸಮುದ್ರಕ್ಕೆ. ಅಲ್ಲೇ ಎಲ್ಲಾದ್ರೂ ಒಂದು ರಾತ್ರಿ ನಿಲ್ಲೋಣ ಅಂತ.

ಮಾವ: ಎಲ್ಲಾದ್ರೂ ಅಂದ್ಯಲ್ಲ, ಆ 'ಎಲ್ಲಾದ್ರೂ' ಅನ್ನೋ ಜಾಗ ನಮ್ಮ ಸೀಮೇಲಿಲ್ಲ ಕಣೋ. ಅಮೆರಿಕದಲ್ಲಿ ಇರಬಹುದು. ಇಲ್ಲಿ ಬೇಲಿ ಇದ್ರೆ ತೋಟ, ಬೇಲಿ ಇಲ್ಲದಿದ್ರೆ ಕಾಯ್ದಿಟ್ಟ ಕಾಡು. ಎರಡೂ ಅಲ್ಲ ಅಂತ ಕಂಡ ಹುಲ್ಲುಗುಡ್ಡ ಯಾವುದೋ ಊರಿನ ಗೋಮಾಳ ಆಗಿರ್ತದೆ. ಬಿಸಿಲೆ, ಕಬ್ಬಿನಾಲೆ, ಕಾಗಿನಹರೆ ಎಲ್ಲಾ ಕಾಯ್ದಿಟ್ಟ ಅರಣ್ಯ. ಅಪ್ಪಣೆ ಇಲ್ಲದೆ ಒಳಗೆ ಹೋದ್ರೆ 1963ರ ಅರಣ್ಯ ಕಾಯ್ದೇಲಿ ಅದು ಅಪರಾಧ. ರಾತ್ರಿ ಉಳಿದು ಒಲೆ ಹಚ್ಚೋದಂತೂ ದೂರದ ಮಾತು. ಬಿಸಿಲೇಲಿ ನೋಡೋ ಜಾಗ ಇದೆ, ಇಲಾಖೆಯವರದ್ದು. ಹೋಗು, ನೋಡು, ಹೊತ್ತು ಮುಳುಗೋದ್ರೊಳಗೆ ಬಾ.

ಅಳಿಯ: ಜೀಪಿನವರು ಗುಡ್ಡದ ಮೇಲೆಲ್ಲಾ ಕರ್ಕೊಂಡು ಹೋಗ್ತಾರಲ್ಲ?

ಮಾವ: ಹೋಗ್ತಾರೆ. ಮೇ ತಿಂಗಳಲ್ಲಿ ಹುಲ್ಲಿನ ಮೇಲೆ ಹೋದ ಜೀಪಿನ ಗೀರು ಜುಲೈ ಹೊತ್ತಿಗೆ ಏನಾಗ್ತದೆ ಅಂತ ಅವರು ನೋಡೋಕೆ ಬರಲ್ಲ. ನೀರಿಗೆ ದಾರಿ ತೋರಿಸಿದ್ರೆ ಸಾಕು, ಅದು ತಾನೇ ಅಗೀತದೆ. ಮೊದಲ ವರ್ಷ ಗೀರು, ಎರಡನೇ ವರ್ಷ ಕಾಲುವೆ, ಮೂರನೇ ವರ್ಷ ಕೊರಕಲು. ಆಮೇಲೆ ಜೀಪಿನೋರು ಪಕ್ಕದಲ್ಲಿ ಹೊಸ ಗೀರು ಎಳೀತಾರೆ. ಟ್ರೇಲರ್ ಅಂದ್ರೆ ಇನ್ನೂ ಎರಡು ಚಕ್ರ, ಅದೂ ತಿರುವಲ್ಲಿ ಮುಂದಿನ ಗೀರಲ್ಲೇ ಬರಲ್ಲ, ಒಳಗಡೆ ಕತ್ತರಿಸ್ಕೊಂಡು ಬರ್ತದೆ. ನೀನು ಹೋದ ಕಡೆಯೆಲ್ಲಾ ನಾಲ್ಕು ಗೀರು. ನಾನು ಗಾಡಿಯವನೇ, ಆದ್ರೂ ಹೇಳ್ತೀನಿ, ಗುಡ್ಡದ ಹುಲ್ಲಿನ ಮೇಲೆ ಚಕ್ರ ಹತ್ತಿಸೋದು ಬೇಡ.

ಅಳಿಯ: ಹಾಗಾದ್ರೆ ಯಾರದ್ದಾದ್ರೂ ತೋಟದಲ್ಲಿ ಕೇಳಿ ನಿಲ್ಸಬೇಕು. ಕೇರಳದಲ್ಲಿ 2021ರಲ್ಲಿ ಕ್ಯಾರವಾನಿಗೇ ಒಂದು ನೀತಿ ಮಾಡಿದ್ರು, ಮರುವರ್ಷ ವಾಗಮಣ್‌ನಲ್ಲಿ ನಿಲ್ಸೋಕೆ ಜಾಗ ಮಾಡಿದ್ರು, ಕರೆಂಟು ನೀರು ಎಲ್ಲಾ ಇರೋದು.

ಮಾವ: ಕೇಳಿ ನಿಲ್ಸು, ಅದು ಮರ್ಯಾದೆ. ಆದ್ರೆ ತೋಟದ ಯಜಮಾನ ಒಪ್ಪಿದ್ರೆ ಸಾಲದು, ಆನೆ ಒಪ್ಪಬೇಕು. ನಗಬೇಡ. ಹೈಕೋರ್ಟು ನೇಮಿಸಿದ ಆನೆ ಕಾರ್ಯಪಡೆ 2012ರ ವರದೀಲಿ ಆಲೂರು ಭಾಗದ ಆನೆಗಳನ್ನ ಹಿಡಿದು ಸಾಗಿಸಿ ಅಂದಿತ್ತು. 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದ್ರು. ಹಿಡಿದಷ್ಟೂ ಜಾಗಕ್ಕೆ ಬೇರೆಯವು ಬಂದ್ವು. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ, ಅವನು 2023ರ ಡಿಸೆಂಬರ್ 4ರಂದು ಸತ್ತಿದ್ದು ಎಲ್ಲಿ? ಇಲ್ಲೇ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯೋ ಕೆಲಸದಲ್ಲಿ, ಒಂಟಿ ಸಲಗದ ಕೈಲಿ. ಪಳಗಿದ ಆನೆ, ಸುತ್ತ ಮಾವುತರು, ಇಲಾಖೆಯವರು, ಬಂದೂಕು. ಅವನಿಗೇ ಆಗಲಿಲ್ಲ. ನಿನ್ನ ತಗಡಿನ ಡಬ್ಬ ಯಾವ ಲೆಕ್ಕ?

ಅಳಿಯ: ಒಳಗೆ ಮಲಗಿದ್ರೂನಾ?

ಮಾವ: ಒಳಗೆ ಏನಿಟ್ಟಿದ್ದೀಯ ಅನ್ನೋದರ ಮೇಲೆ. ಅಕ್ಕಿ, ಉಪ್ಪು, ಬಾಳೆಹಣ್ಣು, ದಾರೀಲಿ ಕೊಂಡ ಹಲಸಿನಹಣ್ಣು ಇದ್ರೆ ಮುಗೀತು. ಗೋಡೆ ಒಡೆದು ಭತ್ತ ತಿಂದ ಮನೆಗಳಿವೆ ನಮ್ಮಲ್ಲಿ, ಅವು ಇಟ್ಟಿಗೆ ಗೋಡೆ. ಈಗ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸ್ತಾರೆ, ಇಂಥಾ ಊರ ಹತ್ರ ಆನೆ ಇದೆ, ಹುಷಾರು ಅಂತ. ಬೆಳಿಗ್ಗೆ ಆಳುಗಳು ಅದನ್ನ ನೋಡ್ಕೊಂಡೇ ಕೆಲಸಕ್ಕೆ ಬರೋದು. ನಿನ್ನ ನಂಬರೂ ಸೇರಿಸ್ಕೊಳ್ಳೋಕೆ ಹೇಳು. ಇನ್ನೊಂದು ಕೇಳ್ತೀನಿ. ತೋಟದ ದಾರಿ, ಒಂದು ಕಡೆ ಬರೆ, ಒಂದು ಕಡೆ ಕಾಫಿ. ತಿರುವಲ್ಲಿ ಎದುರಿಗೆ ಆನೆ ನಿಂತಿದೆ. ಏನ್ ಮಾಡ್ತೀಯ?

ಅಳಿಯ: ರಿವರ್ಸ್ ತಗೊಳ್ತೀನಿ.

ಮಾವ: ಟ್ರೇಲರ್ ಕಟ್ಕೊಂಡು? ತಗೋ ನೋಡೋಣ, ಕಣದಲ್ಲೇ. ಆನೆ ಇಲ್ಲ, ಬರೀ ಕೋಳಿ ಇದೆ.

ಅಳಿಯ: ... ನೋಡಿದ್ರಲ್ಲ ಮಾವ. ಎಡಕ್ಕೆ ತಿರುಗಿಸಿದ್ರೆ ಬಲಕ್ಕೆ ಹೋಗ್ತದೆ. ಸರಿ ಮಾಡೋದ್ರೊಳಗೆ ಮಡಚಿಕೊಂಡುಬಿಡ್ತದೆ.

ಮಾವ: ಗಿಡ್ಡ ಟ್ರೇಲರ್ ಹಾಗೇ, ಕಿಲಾಡಿ. ಟ್ರ್ಯಾಕ್ಟರಿನ ಉದ್ದ ಟ್ರೇಲರ್ ಸಾಧು, ನಿಧಾನಕ್ಕೆ ತಿರುಗ್ತದೆ, ಯೋಚನೆ ಮಾಡೋಕೆ ಹೊತ್ತು ಕೊಡ್ತದೆ. ಸ್ಟೀರಿಂಗಿನ ಮೇಲುಗಡೆ ಹಿಡೀಬೇಡ. ಕೆಳಗಡೆ ಒಂದು ಕೈಲಿ ಹಿಡಿ, ಆರು ಗಂಟೆ ಮುಳ್ಳಿರೋ ಜಾಗದಲ್ಲಿ. ಈಗ ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ತಗೊಂಡು ಹೋಗು. ಚೂರು ಚೂರೇ. ಮಡಚೋಕೆ ಶುರುವಾದ್ರೆ ತಿದ್ದೋಕೆ ಹೋಗಬೇಡ, ನಿಲ್ಸು, ಮುಂದಕ್ಕೆ ಎಳೆದು ನೆಟ್ಟಗೆ ಮಾಡ್ಕೊಂಡು ಮತ್ತೆ ಬಾ. ನಮ್ಮೂರ ಟ್ರ್ಯಾಕ್ಟರ್ ಹುಡುಗರು ಬೀಡಿ ಸೇದ್ತಾ ಇದನ್ನ ಮಾಡ್ತಾರೆ, ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಅಳಿಯ: ಈಗ ಬಂತು. ಆದ್ರೆ ಆನೆ ಎದುರಿಗೆ ಇದ್ರೆ ಇಷ್ಟು ನಿಧಾನ ಆಗಲ್ಲ.

ಮಾವ: ಆಗಲ್ಲ. ಅದಕ್ಕೇ ತಿರುಗಿಸೋಕೆ ಜಾಗ ಇಲ್ಲದ ದಾರಿಗೆ ಟ್ರೇಲರ್ ಇಳಿಸಬಾರದು. ಮೊದಲು ನಡ್ಕೊಂಡು ಹೋಗಿ ನೋಡ್ಕೊಂಡು ಬಾ, ಆಮೇಲೆ ಗಾಡಿ. ಮಳೆಗಾಲ ಆದ್ರೆ ಇಂಬಳ ಹತ್ತಿದ್ರೂ ಪರವಾಗಿಲ್ಲ, ನಡಿ.

ಅಳಿಯ: ಬಿಸಿಲೆ ನೋಡಿ ಕುಕ್ಕೆಗೆ ಇಳಿಯೋಣ ಅಂತಿದ್ದೆ. ಇಲ್ಲಾಂದ್ರೆ ಶಿರಾಡಿ ಕಡೆಯಿಂದ.

ಮಾವ: ಬಿಸಿಲೆ ಘಾಟಿ ಬೇಡ, ದಾರಿ ಸಣ್ಣದು. ಎದುರಿಗೆ ಬಸ್ಸು ಬಂದ್ರೆ ಯಾರಾದ್ರೊಬ್ಬರು ಹಿಂದಕ್ಕೆ ಹೋಗಬೇಕು, ಅದು ನೀನಾಗಿರ್ತೀಯ. ಶಿರಾಡಿ ಅಗಲ ಇದೆ. 2015ರಲ್ಲೊಮ್ಮೆ, 2018ರಲ್ಲೊಮ್ಮೆ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದ್ರು, ಅಡ್ಡಹೊಳೆವರೆಗೂ. ಮಳೆಗಾಲದಲ್ಲಿ ದೋಣಿಗಾಲ್ ಹತ್ರ ಗುಡ್ಡ ಜಾರೋದು ಇದ್ದೇ ಇದೆ, ಬೇಸಗೇಲಿ ತೊಂದರೆ ಇಲ್ಲ. ಆದ್ರೆ ನಿನ್ನ ಟ್ರೇಲರಿಗೆ ಬ್ರೇಕ್ ಎಲ್ಲಿದೆ?

ಅಳಿಯ: ಇಲ್ಲ. ಚಿಕ್ಕದಲ್ವಾ ಅಂದ ಮಾಡಿದವನು. ಯುರೋಪಿನಲ್ಲಿ 750 ಕೆಜಿ ಒಳಗಿದ್ರೆ ಬ್ರೇಕ್ ಇಲ್ಲದೆಯೂ ಬಿಡ್ತಾರೆ. ನಮ್ಮಲ್ಲೂ ಸಣ್ಣ ಟ್ರೇಲರಿನ ವರ್ಗ ಅಂದ್ರೆ 750 ಕೆಜಿವರೆಗೆ.

ಮಾವ: ಇದೆಷ್ಟಿದೆ?

ಅಳಿಯ: ತುಂಬಿಸಿದ ಮೇಲೆ ಹಾಸನದ ವೇಬ್ರಿಡ್ಜಲ್ಲಿ ಹಾಕಿದೆ. 780.

ಮಾವ: ಗಡಿ ದಾಟಿದ್ದೂ ಆಯ್ತು. ಲೆಕ್ಕ ನಿನಗೇ ಚೆನ್ನಾಗಿ ಬರ್ತದೆ, ಹೇಳು, ಹತ್ತಡಿಗೆ ಒಂದಡಿ ಇಳಿಯೋ ಕಡೆ ಇದು ಎಷ್ಟು ತಳ್ತದೆ?

ಅಳಿಯ: ಹತ್ತರಲ್ಲೊಂದು ಪಾಲು. 78 ಕೆಜಿ. ಪಿಕಪ್ಪಿನ ಎರಡು ಟನ್ನಿಗೆ ಅದರದ್ದೇ ಇನ್ನೂರು. ಎಲ್ಲಾ ಪಿಕಪ್ಪಿನ ನಾಲ್ಕು ಚಕ್ರದ ಬ್ರೇಕೇ ತಡೀಬೇಕು.

ಮಾವ: ಎಪ್ಪತ್ತೆಂಟು ಅಂದ್ರೆ ಅಂಥಾ ಇಳಿಜಾರಲ್ಲೆಲ್ಲಾ ಒಬ್ಬ ಗಟ್ಟಿ ಆಳು ಬೆನ್ನಿಗೆ ನಿಂತು ತಳ್ಳಿದ ಹಾಗೆ. ನೆಟ್ಟಗೆ ತಳ್ಳಿದ್ರೆ ಸರಿ. ತಿರುವಲ್ಲಿ ಓರೆಯಾಗಿ ತಳ್ತಾನೆ. ನನ್ನ ಮೊಣಕೈ ನೋಡು, ಈ ಗಾಯ. ಶುಂಠಿಗೆ ಒಳ್ಳೆ ರೇಟಿದ್ದ ವರ್ಷ. ಟ್ರೇಲರ್ ತುಂಬಾ ಹಸಿಶುಂಠಿ, ಜಿಟಿಜಿಟಿ ಮಳೆ, ಇಳಿಜಾರು. ಡೀಸೆಲ್ ಉಳಿಸೋಣ ಅಂತ ನ್ಯೂಟ್ರಲ್ ಮಾಡಿದೆ. ಇಡೀ ಜನ್ಮದಲ್ಲಿ ಅಷ್ಟು ದುಬಾರಿ ಡೀಸೆಲ್ ನಾನು ಉಳಿಸಿಲ್ಲ. ವೇಗ ಜಾಸ್ತಿ ಆಯ್ತು, ತಿರುವಿನ ಹತ್ರ ಬ್ರೇಕ್ ತುಳಿದೆ. ಟ್ರ್ಯಾಕ್ಟರ್ ನಿಲ್ಲೋಕೆ ನೋಡ್ತು, ಹಿಂದಿನದಕ್ಕೆ ಯಾರೂ ನಿಲ್ಲು ಅಂದಿಲ್ಲವಲ್ಲ. ಮೂಕಿ ಪಿನ್ನಿನ ಹತ್ರ ಕತ್ತರಿ ಮಡಚಿದ ಹಾಗೆ ಮಡಚಿ, ಟ್ರೇಲರಿನ ಮೂಲೆ ನನ್ನ ಪಕ್ಕಕ್ಕೇ ಬಂತು. ಸಿಲ್ವರ್ ಓಕ್ ಮರ ಅಡ್ಡ ಇತ್ತು, ಬದುಕಿದೆ. ಶುಂಠಿ ಹಳ್ಳ ಸೇರ್ತು. ಮುಂದಿನ ವರ್ಷ ಆ ಹಳ್ಳದ ಪಕ್ಕ ಶುಂಠಿ ಮೊಳಕೆ ಬಂದಿದ್ದು ನೋಡಿ ನಿಮ್ಮತ್ತೆ ಆಡಿದ ಮಾತು ಹೇಳೋ ಹಾಗಿಲ್ಲ.

ಅಳಿಯ: ಎತ್ತಿನ ಗಾಡೀಲಿ ಇಳಿಜಾರಿಗೆ ಏನ್ ಮಾಡ್ತಿದ್ರಿ?

ಮಾವ: ಬಿರಿ ಇತ್ತಲ್ಲ. ಗಾಲಿ ಪಟ್ಟಾಕ್ಕೆ ಒತ್ತೋ ಮರದ ತುಂಡು, ಹಗ್ಗ ಎಳೆದು ಬಿಗಿಯೋದು. ಸಾಲದಿದ್ರೆ ಹಿಂದೆ ಒಂದು ಕೊರಡು ಕಟ್ಟಿ ಎಳೆಸೋರು. ನೋಡು, ಆ ಬಿರಿ ಇದ್ದಿದ್ದು ಗಾಡಿಗೆ, ಎತ್ತಿಗಲ್ಲ. ಭಾರ ಎಲ್ಲಿದೆಯೋ ಅಲ್ಲೇ ತಡೆ. ರೈಲಿನವರೂ ಹಾಗೇ ತಾನೇ?

ಅಳಿಯ: ಹೌದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರಿನಲ್ಲಿ 57 ಸುರಂಗ, ಐವತ್ತಡಿಗೆ ಒಂದಡಿ ಏರಿಳಿತ. ಆ ಏರಿಗೆ ಗೂಡ್ಸಿನ ಹಿಂದೆ ಬೇರೆ ಎಂಜಿನ್ ಕಟ್ಟಿ ತಳ್ಳಿಸ್ತಾರೆ. ಬ್ರೇಕ್ ಒಂದೊಂದು ವ್ಯಾಗನ್ನಿಗೂ ಇರ್ತದೆ; ಕೊಂಡಿ ಕಳಚಿ ಗಾಳಿ ಪೈಪು ಹರಿದ್ರೆ ತಾನಾಗೇ ಬ್ರೇಕ್ ಹಿಡಿಯೋ ಹಾಗೆ. ಒಳ್ಳೆ ಟ್ರೇಲರಿಗೂ ಅಂಥದ್ದೇ ಒಂದು ತಂತಿ ಕಟ್ತಾರೆ. ಇನ್ನೊಂದು ತರಹ ಇದೆ. ಇಳಿಜಾರಲ್ಲಿ ಟ್ರೇಲರ್ ಮುಂದಕ್ಕೆ ತಳ್ಳಿದ್ರೆ ಅದರ ಮೂಕಿ ಒಂದೆರಡು ಇಂಚು ಒಳಗೆ ಸರಿದು, ಆ ಒತ್ತಡಕ್ಕೇ ಅದರ ಚಕ್ರದ ಬ್ರೇಕ್ ಹಿಡಿಯೋದು. ಎಷ್ಟು ತಳ್ತದೋ ಅಷ್ಟೇ ತಡೀತದೆ.

ಮಾವ: ಅದನ್ನ ಹಾಕಿಸು. ಹಾಕಿಸೋವರೆಗೂ ಘಾಟಿ ಇಳೀಬೇಡ. ಇಳಿಯೋ ದಿನ ಬಂದಾಗ ಏರಿಗೆ ಹಾಕೋ ಗೇರಲ್ಲೇ ಇಳಿ. ಬ್ರೇಕ್ ಮೇಲೆ ಕಾಲಿಟ್ಟೇ ಕೂರಬೇಡ, ತುಳಿ, ಬಿಡು, ತುಳಿ, ಬಿಡು. ಮಾರನಹಳ್ಳಿಯಿಂದ ಕೆಳಗೆ ಲಾರಿಗಳ ಬ್ರೇಕ್ ಸುಟ್ಟ ವಾಸನೆ ಬರ್ತಿರ್ತದಲ್ಲ, ಅದು ಕಾಲಿಟ್ಟೇ ಕೂತೋರದ್ದು. ರಿಜಿಸ್ಟ್ರೇಷನ್ ಮಾಡಿಸಿದ್ಯಾ?

ಅಳಿಯ: ಪಿಕಪ್ಪಿಗೆ ಇದೆಯಲ್ಲ.

ಮಾವ: ಅದಕ್ಕಿದ್ರೆ ಇದಕ್ಕಾಯ್ತಾ? ಟ್ರೇಲರಿಗೆ ಅದರದ್ದೇ ನಂಬರ್ ಬೇಕು, ಎಳೆಯೋ ಗಾಡಿ ನಂಬರೂ ಅದರ ಬೆನ್ನ ಮೇಲೆ ಕಾಣಬೇಕು. ನನ್ನ ಟ್ರ್ಯಾಕ್ಟರ್ ಟ್ರೇಲರ್ ಹೋಗಿ ನೋಡು, ಎರಡೂ ಬರೆಸಿದ್ದೀನಿ. ಓಡುವಾಗ ಒಳಗೆ ಜನ ಕೂರಿಸಬೇಡ. ಮೊದಲು ಕಾಗದ, ಆಮೇಲೆ ಕಾಡು. ಓ, ರೈಟ್ರು ಹುಡುಗನ ಕೈಲಿ ಮಿಷಿನ್ ಕಳಿಸಿದ್ರು. ಇಲ್ಲಿಡಪ್ಪಾ, ಕಣದ ಗಟ್ಟಿ ನೆಲದಲ್ಲಿ. ಒಂದು ಮರದ ತುಂಡು ಕೊಡು, ಪಿಕಪ್ಪಿನ ಕೊಂಡಿ ಎಷ್ಟು ಎತ್ತರ ಇದೆಯೋ ಮೂಕಿ ಅಷ್ಟೇ ಎತ್ತರಕ್ಕಿರಬೇಕು. ಮುಂದಿನ ಪುಟ್ಟ ಚಕ್ರ ಮೇಲಕ್ಕೆತ್ತು. ಹಿಂದಿನ ಎರಡಕ್ಕೂ ಕಲ್ಲು ಕೊಟ್ಟಿದ್ದೀಯಾ?

ಅಳಿಯ: ಕೊಟ್ಟೆ. ಇಪ್ಪತ್ತು. ಬರೀ ಇಪ್ಪತ್ತು ಕೆಜಿ ಮಾವ. 78 ಇರಬೇಕಿತ್ತು.

ಮಾವ: ನಾನು ಎಡಗೈಲಿ ಹೇಳಿದ್ದನ್ನ ಮಿಷಿನ್ನೂ ಹೇಳ್ತು. ಟ್ಯಾಂಕ್ ನಲ್ಲಿ ಬಿಡು. ಆ ಕಡೆ ಅಡಿಕೆ ಸಸಿ ಇದೆ, ನೀರು ಅದಕ್ಕಾಗಲಿ.

ಅಳಿಯ: ತಡೀರಿ, ಮೊದಲೇ ಲೆಕ್ಕ ಹಾಕ್ತೀನಿ. ಅಚ್ಚಿನಿಂದ ಟ್ಯಾಂಕಿಗೆ ಐದಡಿ, ಅಚ್ಚಿನಿಂದ ಮೂಕಿ ತುದಿಗೆ ಎಂಟಡಿ. ನೂರು ಕೆಜಿ ನೀರು, ಐದರಿಂದ ಗುಣಿಸಿ ಎಂಟರಿಂದ ಭಾಗಿಸಿದ್ರೆ ಅರವತ್ತೆರಡೂವರೆ. ಅಷ್ಟು ಭಾರಾನ ಟ್ಯಾಂಕು ಹಿಂದಿನಿಂದ ಎತ್ತಿ ಹಿಡಿದಿದೆ. ನೀರು ಹೋದ್ರೆ ಇಪ್ಪತ್ತಕ್ಕೆ ಅದು ಸೇರಿ ಎಂಬತ್ತೆರಡೂವರೆ ಆಗಬೇಕು. ಒಟ್ಟು ತೂಕವೂ 680ಕ್ಕೆ ಇಳೀತದೆ, 750ರ ಒಳಗೆ. ನೀರನ್ನ ಕ್ಯಾನಲ್ಲಿ ತುಂಬಿ ಪಿಕಪ್ಪಿನಲ್ಲೇ ಇಟ್ಕೊಂಡ್ರಾಯ್ತು.

ಮಾವ: ಅಪ್ಪ ಇದ್ದಿದ್ರೆ ನಿನ್ನನ್ನ ನೊಗದ ಹತ್ರ ನಿಲ್ಲಿಸೋರು. ಖಾಲಿ ಆಯ್ತಾ? ಮುಳ್ಳು ನೋಡು.

ಅಳಿಯ: ... ನೂರ ಹತ್ತು? ಹೆಂಗೆ? ಲೆಕ್ಕ ತಪ್ಪೋಕೆ ಸಾಧ್ಯವೇ ಇಲ್ಲ. ಐದೆಂಟಲೆ...

ಮಾವ: ಲೆಕ್ಕ ಸರಿಯಾಗೇ ಇದೆ. ಮುಂದಿನ ಮಂಚದ ಮೇಲೆ ಯಾರಿದ್ದಾರೆ ಬಗ್ಗಿ ನೋಡು.

ಅಳಿಯ: ಅತ್ತೆ! ಯಾವಾಗ ಹತ್ತಿದ್ರು? ಚಾದರ ಹೊದ್ದು ಮಲಗೇಬಿಟ್ಟಿದ್ದಾರೆ. ಮಾವ, ಸ್ವಲ್ಪ ಇಳಿಯೋಕೆ ಹೇಳ್ತೀರಾ?

ಮಾವ: ನಾನು ಹೇಳಲ್ಲಪ್ಪ. ಇಳಿಯೋಲ್ಲ ಅಂತ ಹಠ ಹಿಡಿದಿದ್ದ ಹುಡುಗಿ ಅಂದೆನಲ್ಲ, ಇವಳೇ. ನೀನು ಅವಳ ತೂಕ ಕೇಳ್ಕೊಂಡು ಬಾ, ನಾಲ್ಕಡಿಯಿಂದ ಗುಣಿಸಿ ಎಂಟರಿಂದ ಭಾಗಿಸಿ ಕಳೀತೀವಿ.